ಮಣ್ಣಿನ ಹಗೇವು: ಅಮೈನೊ ಆಮ್ಲಗಳನ್ನು ಅಳೆಯುವ ಬಗೆ



ಮಣ್ಣು ಪರೀಕ್ಷೆಯ ಚೀಟಿ ನಿಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಇರಬಹುದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಹನ್ನೆರಡು ಬಾಬುಗಳನ್ನು ಅಳೆದು ಬರೆದುಕೊಡುತ್ತಾರೆ. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಇಷ್ಟೇ. ಈ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಅನೇಕರು ಕೇಳುತ್ತಾರೆ: "ಸ್ವಾಮಿ, ಎಲ್ಲಾ ಬರೆದಿದ್ದಾರೆ, ಅಮೈನೊ ಆಮ್ಲ ಎಷ್ಟಿದೆ ಅಂತ ಬರೆದಿಲ್ಲವಲ್ಲ? ಅಂಗಡೀಲಿ ನಿಮ್ಮ ಹೊಲಕ್ಕೆ ಅದೇ ಕಮ್ಮಿ ಅಂತಾರೆ. ಬಾಟಲಿ ತಗೊಳ್ಳೋದೋ ಬಿಡೋದೋ?"

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸಬಹುದು. ಆದರೆ ಕೇಳಿದವರಿಗೆ ಅದರಿಂದ ತೃಪ್ತಿಯಾಗುವುದಿಲ್ಲ. ಅಮೈನೊ ಆಮ್ಲ ಎಂದರೇನು, ಅದು ಮಣ್ಣಿನಲ್ಲಿ ಎಲ್ಲಿ ಅಡಗಿದೆ, ಪ್ರಯೋಗಶಾಲೆಯವರು ಅದನ್ನು ಹೇಗೆ ಹೊರಕ್ಕೆ ತೆಗೆದು ಅಳೆಯುತ್ತಾರೆ, ಇದನ್ನು ತಿಳಿದುಕೊಂಡರೆ ಬಾಟಲಿಯ ವಿಚಾರವನ್ನು ನೀವೇ ತೀರ್ಮಾನ ಮಾಡಿಕೊಳ್ಳಬಹುದು.

ಹುರುಳಿ, ತೊಗರಿ, ಅವರೆ, ಹಾಲು, ಮೊಟ್ಟೆ ಇವುಗಳಲ್ಲಿರುವ ಪುಷ್ಟಿಕರವಾದ ಅಂಶಕ್ಕೆ ಸಸಾರಜನಕ ಎಂದು ಹೆಸರು. ಪ್ರೋಟೀನು ಅಂದರೂ ಅದೇ. ಇದನ್ನು ಒಂದು ಮಣಿಸರ ಎಂದು ತಿಳಿಯಿರಿ. ಸರವನ್ನು ಹರಿದರೆ ಬಿಡಿಬಿಡಿಯಾಗಿ ಉದುರುವ ಮಣಿಗಳೇ ಅಮೈನೊ ಆಮ್ಲಗಳು. ಮಣಿಗಳಲ್ಲಿ ಸುಮಾರು ಇಪ್ಪತ್ತು ಬಗೆ. ಗ್ಲೈಸೀನ್, ಅಲನೀನ್, ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ, ಲೈಸೀನ್ ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಪ್ರತಿಯೊಂದು ಮಣಿಯಲ್ಲೂ ಸಾರಜನಕ ಸೇರಿಕೊಂಡಿದೆ ಎಂಬುದೊಂದನ್ನು ನೆನಪಿಟ್ಟರೆ ಸಾಕು. ಸಸಾರಜನಕದ ತೂಕದಲ್ಲಿ ಸುಮಾರು ಆರರಲ್ಲೊಂದು ಪಾಲು ಸಾರಜನಕವೇ.

ಇನ್ನು ಮಣ್ಣಿಗೆ ಬರೋಣ. ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕುತ್ತೀರಿ, ಹೊಂಗೆ ಸೊಪ್ಪು ತುಳಿಸುತ್ತೀರಿ, ಕುರಿ ಮಂದೆ ನಿಲ್ಲಿಸುತ್ತೀರಿ. ಪೈರಿನ ಬೇರು, ಕೂಳೆ ಅಲ್ಲೇ ಉಳಿಯುತ್ತದೆ. ಇವುಗಳಲ್ಲಿದ್ದ ಸಸಾರಜನಕವೆಲ್ಲ ಮಣ್ಣನ್ನು ಸೇರುತ್ತದೆ. ಮೇಲ್ಮಣ್ಣಿನಲ್ಲಿರುವ ಒಟ್ಟು ಸಾರಜನಕದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಹೀಗೆ ಜೀವಿಗಳಿಂದ ಬಂದ ವಸ್ತುವಿನಲ್ಲೇ ಇರುತ್ತದೆ. ಬೇರು ಸುಲಭವಾಗಿ ಹೀರತಕ್ಕ ಅಮೋನಿಯ ಮತ್ತು ನೈಟ್ರೇಟ್ ರೂಪದಲ್ಲಿ ಒಂದು ಹೊತ್ತಿಗೆ ಇರುವುದು ತೀರ ಸ್ವಲ್ಪ.

ಹಿಂದೆ ನಮ್ಮ ಬಯಲುಸೀಮೆಯ ಊರುಗಳಲ್ಲಿ ರಾಗಿ ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ಒಳಗೆ ಹತ್ತಾರು ಪಲ್ಲ ಕಾಳಿದ್ದರೂ ಅಂದಿನ ಹಿಟ್ಟಿಗೆ ಬೇಕಾದದ್ದನ್ನು ಮನೆಯ ವಾಡೆಯಿಂದಲೇ ತೆಗೆದುಕೊಳ್ಳಬೇಕು. ಮಣ್ಣಿನ ಸಾರಜನಕವೂ ಹಾಗೆಯೇ. ಬಹುಪಾಲು ಹಗೇವಿನಲ್ಲಿದೆ. ಜೇಡಿಯ ಕಣಗಳಿಗೆ ಅಂಟಿಕೊಂಡು, ಕಪ್ಪು ಕೊಳೆತ ವಸ್ತುವಿನೊಡನೆ ಬೆಸೆದುಕೊಂಡು ಕುಳಿತಿದೆ. ಅದನ್ನು ತೋಡಿ ತೆಗೆಯುವ ಕೂಲಿಯಾಳುಗಳು ಮಣ್ಣಿನ ಸೂಕ್ಷ್ಮಜೀವಿಗಳು. ಅವು ಕಿಣ್ವಗಳೆಂಬ ರಸವನ್ನು ಹೊರಕ್ಕೆ ಬಿಟ್ಟು ಸರವನ್ನು ಹರಿಯುತ್ತವೆ. ಉದುರಿದ ಮಣಿಗಳನ್ನು ತಾವು ಮೊದಲು ಉಣ್ಣುತ್ತವೆ. ತಮಗೆ ಹೆಚ್ಚಾದದ್ದನ್ನು ಅಮೋನಿಯವಾಗಿ ಹೊರಗೆ ಬಿಡುತ್ತವೆ. ಆಮೇಲೆ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಆ ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಪೈರಿಗೆ ಸಿಗುವುದು ಕೂಲಿಯಾಳು ಉಂಡು ಮಿಕ್ಕದ್ದು ಎಂದು ತಿಳಿಯಿರಿ.

ಈಗ ಪ್ರಯೋಗಶಾಲೆಗೆ ಹೋಗೋಣ. ಒಟ್ಟು ಸಾರಜನಕವನ್ನು ಅಳೆಯುವುದು ಹಳೆಯ ವಿದ್ಯೆ. 1883ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಯೋಹಾನ್ ಕೆಲ್ಡಾಲ್ ಎಂಬವರು ಬಿಯರ್ ತಯಾರಿಸುವ ಧಾನ್ಯದ ಸಸಾರಜನಕವನ್ನು ಅಳೆಯಲು ಒಂದು ಕ್ರಮ ಕಂಡುಹಿಡಿದರು. ವಸ್ತುವನ್ನು ಗಂಧಕಾಮ್ಲದಲ್ಲಿ ಕುದಿಸಿ, ಸಾರಜನಕವನ್ನೆಲ್ಲ ಅಮೋನಿಯ ಮಾಡಿ, ಬಟ್ಟಿ ಇಳಿಸಿ ಅಳೆಯುವುದು. ಮಣ್ಣಿಗೂ ಅದೇ ಕ್ರಮ ಒಗ್ಗಿತು. ಆದರೆ ಇದರಲ್ಲಿ ಮಣಿಯ ಗುರುತು ಉಳಿಯುವುದಿಲ್ಲ. ಹಗೇವಿನಲ್ಲಿ ಎಷ್ಟು ಪಲ್ಲ ಇದೆ ಎಂದು ತಿಳಿಯಿತೇ ಹೊರತು, ರಾಗಿ ಎಷ್ಟು, ಜೋಳ ಎಷ್ಟು, ಹುಳ ಹಿಡಿದದ್ದೆಷ್ಟು ಎಂದು ತಿಳಿಯಲಿಲ್ಲ.

ಅದನ್ನು ತಿಳಿಯಬೇಕಾದರೆ ಸರವನ್ನು ಹರಿಯಬೇಕು, ಮಣಿ ಒಡೆಯಬಾರದು. ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸರಿಯಾದದ್ದು. ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದ ಮಣ್ಣನ್ನು ಗಾಜಿನ ಕುಪ್ಪಿಗೆ ಹಾಕಿ, ಪ್ರಬಲವಾದ ಆಮ್ಲವನ್ನು ಸುರಿದು, ಹನ್ನೆರಡು ಗಂಟೆಯಿಂದ ಇಪ್ಪತ್ನಾಲ್ಕು ಗಂಟೆಯ ತನಕ ಕುದಿಸುತ್ತಾರೆ. ಮೇಲೆ ತಣ್ಣೀರು ಹರಿಯುವ ಕೊಳವೆ ಇರುತ್ತದೆ. ಎದ್ದ ಆವಿ ಅಲ್ಲಿ ತಣಿದು ಮತ್ತೆ ಕುಪ್ಪಿಗೇ ತೊಟ್ಟಿಕ್ಕುತ್ತದೆ. ಹೀಗಾಗಿ ಎಷ್ಟು ಹೊತ್ತು ಕುದಿಸಿದರೂ ಬತ್ತುವುದಿಲ್ಲ. ಕಡೆಗೆ ಸೋಸಿದಾಗ ಸಿಗುವುದು ಕಷಾಯದ ಬಣ್ಣದ ದ್ರವ. ಅದರಲ್ಲಿ ಬಿಡಿಮಣಿಗಳು ಕರಗಿರುತ್ತವೆ.

ಈ ಕ್ರಮದಲ್ಲಿ ಕುಂದೇ ಇಲ್ಲವೆಂದಲ್ಲ. ಟ್ರಿಪ್ಟೊಫೇನ್ ಎಂಬ ಮಣಿ ಆಮ್ಲದಲ್ಲಿ ಬೆಂದು ನಾಶವಾಗಿಹೋಗುತ್ತದೆ. ಸೆರೀನ್, ಥ್ರಿಯೋನೀನ್ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತವೆ. ಗ್ಲುಟಮೀನ್ ಎಂಬುದು ಅಮೋನಿಯವನ್ನು ಕಳೆದುಕೊಂಡು ಗ್ಲುಟಾಮಿಕ್ ಆಮ್ಲವಾಗಿಬಿಡುತ್ತದೆ. ಆದುದರಿಂದ ವರದಿಯಲ್ಲಿ ಬರೆದ ಅಂಕಿ ಹೊಲದಲ್ಲಿದ್ದ ಸ್ಥಿತಿಯ ಪಡಿಯಚ್ಚಲ್ಲ. ಯಾರಾದರೂ ಮಣ್ಣಿನ ಅಮೈನೊ ಆಮ್ಲ ಇಂತಿಷ್ಟೇ ಎಂದು ಚೂರೂ ಅನುಮಾನವಿಲ್ಲದೆ ಹೇಳಿದರೆ, ಎಷ್ಟು ಗಂಟೆ ಕುದಿಸಿದಿರಿ ಎಂದು ಕೇಳಬಹುದು.

ಆ ಕಷಾಯದಿಂದ ಒಂದೊಂದು ಮಣಿಯನ್ನು ಬೇರೆ ಮಾಡುವುದು ಮುಂದಿನ ಕೆಲಸ. ಇದು ನೋಡಲು ಬಹಳ ಚೆಂದ. ಮಸಿಯಲ್ಲಿ ಬರೆದ ಕಾಗದದ ಮೇಲೆ ನೀರಿನ ಹನಿ ಬಿದ್ದರೆ ಮಸಿ ಸುತ್ತಲೂ ಹರಡಿ ಅಂಚಿನಲ್ಲಿ ಬಣ್ಣ ಬಣ್ಣದ ಗೆರೆ ಮೂಡುವುದನ್ನು ನೋಡಿದ್ದೀರಷ್ಟೆ. ಇಂಗ್ಲೆಂಡಿನ ಮಾರ್ಟಿನ್ ಎಂಬವರು ತಮ್ಮ ಜೊತೆಗಾರರೊಡನೆ 1944ರಲ್ಲಿ ಇದೇ ಗುಣವನ್ನು ಉಪಯೋಗಿಸಿಕೊಂಡು ಸೋಸುವ ಕಾಗದದ ಮೇಲೆ ಅಮೈನೊ ಆಮ್ಲಗಳನ್ನು ಬೇರ್ಪಡಿಸುವ ಕ್ರಮವನ್ನು ಪ್ರಕಟಿಸಿದರು. ಬೇರ್ಪಡಿಸುವ ಈ ವಿದ್ಯೆಗಾಗಿ ಮಾರ್ಟಿನ್ ಮತ್ತು ಸಿಂಜ್ ಇಬ್ಬರಿಗೂ 1952ರಲ್ಲಿ ನೊಬೆಲ್ ಬಹುಮಾನ ಬಂತು. ರಾಥಮ್‌ಸ್ಟೆಡ್ ಎಂಬಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳು ನಡೆದುಬಂದಿವೆ. ಅಲ್ಲಿದ್ದ ಬ್ರೆಮ್ನರ್ ಎಂಬ ವಿಜ್ಞಾನಿ ಈ ಕಾಗದದ ಕ್ರಮವನ್ನು ಮಣ್ಣಿನ ಕಷಾಯಕ್ಕೆ ಅನ್ವಯಿಸಿ 1950ರಲ್ಲಿ ಫಲಿತಾಂಶ ಪ್ರಕಟಿಸಿದರು.

ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಉಂಟು. ಭಾರತೀಯ ವಿಜ್ಞಾನ ಮಂದಿರದ ಪ್ರೊಫೆಸರ್ ಕೆ.ವಿ. ಗಿರಿಯವರು 1950ರ ದಶಕದ ಮೊದಲಲ್ಲಿ ದುಂಡು ಕಾಗದದ ಮೇಲೆ ಅಮೈನೊ ಆಮ್ಲಗಳನ್ನು ಗುರುತಿಸುವ ಕ್ರಮವನ್ನು ಬೆಳೆಸಿದರು. ಕಾಗದದ ನಡುವೆ ಒಂದು ಸಣ್ಣ ಬತ್ತಿ. ಬತ್ತಿಯ ಸುತ್ತ ಕಷಾಯದ ಹನಿಗಳು. ಬತ್ತಿಯ ಕೆಳತುದಿ ಬ್ಯೂಟನಾಲ್, ಅಸೆಟಿಕ್ ಆಮ್ಲ, ನೀರು ಬೆರೆಸಿದ ದ್ರವದಲ್ಲಿ ಅದ್ದಿರುತ್ತದೆ. ದ್ರವ ಬತ್ತಿಯಲ್ಲಿ ಏರಿ ಕಾಗದದ ಮೇಲೆ ದುಂಡಗೆ ಹರಡುತ್ತಾ ಹೋದಂತೆ, ಹಗುರವಾಗಿ ಓಡುವ ಮಣಿ ಮುಂದೆ, ಕಾಗದಕ್ಕೆ ಅಂಟಿ ತಡೆಯುವ ಮಣಿ ಹಿಂದೆ, ಹೀಗೆ ಸಾಲುಗಟ್ಟುತ್ತವೆ. ಭಾರಿ ಯಂತ್ರ ಬೇಡ, ಎರಡು ಗಾಜಿನ ತಟ್ಟೆ ಇದ್ದರೂ ಕೆಲಸ ನಡೆಯುತ್ತದೆ. ಕಾಸಿಲ್ಲದ ಪ್ರಯೋಗಶಾಲೆಗಳಿಗೆ ಇದು ದೊಡ್ಡ ಉಪಕಾರವೇ ಆಯಿತು.

ಆದರೆ ಸಾಲುಗಟ್ಟಿದ ಮಣಿಗಳು ಕಣ್ಣಿಗೆ ಕಾಣವು, ಅವಕ್ಕೆ ಬಣ್ಣವಿಲ್ಲ. 1910ರಲ್ಲಿ ಕೇಂಬ್ರಿಜ್ಜಿನ ರೂಹೆಮನ್ ಎಂಬವರು ಕಂಡುಹಿಡಿದ ನಿನ್‌ಹೈಡ್ರಿನ್ ಎಂಬ ವಸ್ತುವನ್ನು ಕಾಗದದ ಮೇಲೆ ಸಿಂಪಡಿಸಿ ಬಿಸಿ ಮಾಡಬೇಕು. ಆಗ ನೇರಳೆ ಹಣ್ಣಿನ ಬಣ್ಣದ ಪಟ್ಟಿಗಳು ಒಂದೊಂದಾಗಿ ಮೂಡುತ್ತವೆ. ಪ್ರೋಲೀನ್ ಎಂಬ ಮಣಿ ಮಾತ್ರ ಹಳದಿ. ಬಣ್ಣ ಗಾಢವಾದಷ್ಟೂ ಮಣಿ ಹೆಚ್ಚು. ಇಲ್ಲಿ ಒಂದು ತಮಾಷೆಯುಂಟು. ನಮ್ಮ ಬೆರಳ ಬೆವರಿನಲ್ಲೂ ಅಮೈನೊ ಆಮ್ಲ ಇರುತ್ತದೆ. ಬರಿಗೈಯಲ್ಲಿ ಕಾಗದ ಮುಟ್ಟಿದರೆ ಹೆಬ್ಬೆಟ್ಟಿನ ಗುರುತೇ ನೇರಳೆಯಾಗಿ ಎದ್ದುಬರುತ್ತದೆ. 1954ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಇದನ್ನೇ ಬೆರಳಚ್ಚು ಪತ್ತೆ ಮಾಡಲು ಬಳಸಬಹುದೆಂದು ತೋರಿಸಿದರು. ಮಣ್ಣಿನ ಕಾಗದವನ್ನು ಮಾತ್ರ ಚಿಮುಟದಿಂದಲೇ ಹಿಡಿಯಬೇಕು. ಇಲ್ಲವಾದರೆ ಹೊಲದ ಲೆಕ್ಕಕ್ಕೆ ಕೈ ಬೆವರೂ ಸೇರಿಬಿಡುತ್ತದೆ.

ನಮ್ಮ ಕೆಂಪು ಮಣ್ಣಿನ ಕಷಾಯದಲ್ಲಿ ಇನ್ನೊಂದು ತೊಡಕು. ಆಮ್ಲದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಧಾರಾಳವಾಗಿ ಕರಗಿ ಬರುವುದರಿಂದ ಪಟ್ಟಿಗಳು ಸ್ಪಷ್ಟವಾಗದೆ ಜಾರಿ ಕಲೆಸಿಹೋಗುತ್ತವೆ. ಅವನ್ನು ಮೊದಲೇ ತೆಗೆದುಹಾಕಬೇಕು. ಬೇಳೆಯ ಅಮೈನೊ ಆಮ್ಲ ಅಳೆಯುವುದಕ್ಕಿಂತ ಮಣ್ಣಿನದು ಕಷ್ಟ ಎನ್ನುವುದಕ್ಕೆ ಇದೊಂದು ಕಾರಣ. 1958ರಲ್ಲಿ ಅಮೆರಿಕದ ಮೂರ್ ಮತ್ತು ಸ್ಟೈನ್ ಎಂಬವರ ಪ್ರಯೋಗಶಾಲೆಯಿಂದ ತಾನಾಗಿಯೇ ಬೇರ್ಪಡಿಸಿ ತಾನಾಗಿಯೇ ಅಳೆದು ಗೆರೆ ಬರೆಯುವ ಯಂತ್ರ ಬಂತು. ರಾಳದ ಕಾಳು ತುಂಬಿದ ಕೊಳವೆಯಲ್ಲಿ ಕಷಾಯ ಇಳಿದಂತೆ ಒಂದೊಂದು ಮಣಿ ಒಂದೊಂದು ಹೊತ್ತಿಗೆ ಹೊರಬೀಳುತ್ತದೆ. ಇಂದಿನ ಯಂತ್ರಗಳು ಇನ್ನೂ ಚುರುಕು. ಯಂತ್ರ ಎಷ್ಟೇ ಹೊಸದಿರಲಿ, ಮುಂಚಿನ ಕುದಿಸುವ ಕೆಲಸ ತಪ್ಪಿದ್ದಲ್ಲ.

ಇಷ್ಟೆಲ್ಲ ಮಾಡಿ ತಿಳಿದದ್ದೇನು? ಒಟ್ಟು ಸಾರಜನಕದಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತೈದು ಪಾಲು ಅಮೈನೊ ಆಮ್ಲಗಳಾಗಿ ಗುರುತು ಸಿಗುತ್ತದೆ. ಐದರಿಂದ ಹತ್ತು ಪಾಲು ಅಮೈನೊ ಸಕ್ಕರೆ ಎಂಬ ರೂಪದಲ್ಲಿರುತ್ತದೆ. ಸೂಕ್ಷ್ಮಜೀವಿಗಳ ಮೈಗೋಡೆಯಲ್ಲಿ ಇದೇ ಇರುವುದು. ಒಂದಿಷ್ಟು ಅಮೋನಿಯವಾಗಿ ಸಿಗುತ್ತದೆ. ಇನ್ನೊಂದಿಷ್ಟು ಗುರುತು ಸಿಗದೆ ಹೋಗುತ್ತದೆ. ಆಮ್ಲದಲ್ಲಿ ಎಷ್ಟು ಕುದಿಸಿದರೂ ಕರಗದೆ ಉಳಿಯುವ ಭಾಗವೂ ಉಂಟು.

ಇದಕ್ಕಿಂತ ಆಶ್ಚರ್ಯದ ಸಂಗತಿ ಬೇರೆಯಿದೆ. ಬೇರೆ ಬೇರೆ ಸೀಮೆಯ, ಬೇರೆ ಬೇರೆ ಬೆಳೆಯ ಮಣ್ಣುಗಳನ್ನು ಹೋಲಿಸಿದಾಗ ಮಣಿಗಳ ಪ್ರಮಾಣ ಬಹುಮಟ್ಟಿಗೆ ಒಂದೇ ತೆರನಾಗಿ ಕಂಡಿತು, ಅದೂ ಸೂಕ್ಷ್ಮಜೀವಿಗಳ ಮೈಯಲ್ಲಿರುವ ಪ್ರಮಾಣಕ್ಕೆ ಹತ್ತಿರವಾಗಿ. ಕಾರಣ ಯೋಚಿಸಿದರೆ ಹೊಳೆಯುತ್ತದೆ. ನೀವು ಹಾಕಿದ್ದು ಹೊಂಗೆಯಾಗಲಿ, ರಾಗಿ ಹುಲ್ಲಾಗಲಿ, ಸಗಣಿಯಾಗಲಿ, ಸೂಕ್ಷ್ಮಜೀವಿ ಅದನ್ನು ತಿಂದು ತನ್ನ ಮೈ ಮಾಡಿಕೊಳ್ಳುತ್ತದೆ. ಯಾರ ಮನೆಯ ಕಾಳಾದರೂ ಅದೇ ಗಿರಣಿಯಲ್ಲಿ ಬಿದ್ದು ಬಂದ ಹಾಗೆ. ಅಮೆರಿಕದ ಅಯೋವ ಪ್ರಾಂತ್ಯದಲ್ಲಿ ಉಳದ ನೆಲವನ್ನೂ ಬಹುಕಾಲ ಉತ್ತ ನೆಲವನ್ನೂ ಜೊತೆಗಿಟ್ಟು ಪರೀಕ್ಷಿಸಿ 1964ರಲ್ಲಿ ಪ್ರಕಟಿಸಿದ ಲೇಖನದಲ್ಲೂ, ಉಳುಮೆಯಿಂದ ಸಾರಜನಕದ ಎಲ್ಲ ರೂಪಗಳೂ ಕಡಿಮೆಯಾಗಿದ್ದುವೆಂದು ಕಂಡಿತು. ಒಂದೇ ರೂಪ ಮಾತ್ರ ಸೋರಿಹೋಗಿ ಮಿಕ್ಕದ್ದೆಲ್ಲ ಹಾಗೇ ಉಳಿದದ್ದಲ್ಲ. ಹೀಗಿರುವಾಗ "ನಿಮ್ಮ ಮಣ್ಣಿನಲ್ಲಿ ಅಮೈನೊ ಆಮ್ಲ ಮಾತ್ರ ಕಮ್ಮಿ" ಎಂಬ ಮಾತಿಗೆ ಆಧಾರವೇನು? ಅದು ಕಡಿಮೆಯಾಗಿದ್ದರೆ ಸಾವಯವ ವಸ್ತುವೇ ಕಡಿಮೆಯಾಗಿದೆ ಎಂದರ್ಥ, ಅದನ್ನು ನಿಮ್ಮ ಚೀಟಿಯ ಸಾವಯವ ಇಂಗಾಲದ ಸಾಲೇ ಹೇಳುತ್ತದೆ.

ಅಮೈನೊ ಸಕ್ಕರೆಯನ್ನು ಅಳೆದು ಯಾವ ಹೊಲಕ್ಕೆ ಸಾರಜನಕದ ಗೊಬ್ಬರ ಬೇಡವೆಂದು ಹೇಳುವ ಪರೀಕ್ಷೆಯೊಂದನ್ನು 2001ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತ್ಯದವರು ಪ್ರಕಟಿಸಿದ್ದರು. ಅಯೋವ, ವಿಸ್ಕಾನ್ಸಿನ್ ಕಡೆಯ ಹೊಲಗಳಲ್ಲಿ ಮೆಕ್ಕೆಜೋಳಕ್ಕೆ ಅದನ್ನು ಪ್ರಯೋಗಿಸಿದಾಗ ಭರವಸೆಯಿಡುವಂತೆ ಕೆಲಸ ಮಾಡಲಿಲ್ಲ. ಪ್ರಯತ್ನವೇನೋ ಒಳ್ಳೆಯದೇ.

ಇನ್ನು ಬಿಡಿಮಣಿಗಳ ಮಾತು. ಕುದಿಸದೆ, ಮಣ್ಣನ್ನು ನೀರಿನಲ್ಲೋ ಉಪ್ಪುನೀರಿನಲ್ಲೋ ಅಲ್ಲಾಡಿಸಿ ಸೋಸಿದರೆ, ಅಂದಂದಿಗೆ ಬಿಡಿಯಾಗಿ ಓಡಾಡುತ್ತಿರುವ ಅಮೈನೊ ಆಮ್ಲ ಸಿಗುತ್ತದೆ. ಇದು ಬಹಳ ಸ್ವಲ್ಪ. ಒಂದು ಕಿಲೋ ಮಣ್ಣಿಗೆ ಎರಡು ಮಿಲಿಗ್ರಾಂ ಸಾರಜನಕ ಮೀರುವುದು ಅಪರೂಪ. ಸೂಕ್ಷ್ಮಜೀವಿಗಳು ಕೆಲವೇ ಗಂಟೆಗಳಲ್ಲಿ ಇದನ್ನು ನುಂಗಿಹಾಕುತ್ತವೆ. ಅಷ್ಟೇ ಅಲ್ಲದೆ, ಮಣ್ಣನ್ನು ಒಣಗಿಸಿದರೆ ಸೂಕ್ಷ್ಮಜೀವಿಗಳ ಮೈ ಒಡೆದು ಹೊಸದಾಗಿ ಅಮೈನೊ ಆಮ್ಲ ಚೆಲ್ಲುತ್ತದೆ, ಅಂಕಿ ಸುಳ್ಳಾಗಿ ಏರುತ್ತದೆ. ಆದುದರಿಂದ ಇಂಥ ಪರೀಕ್ಷೆಗೆ ಹಸಿ ಮಣ್ಣನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅಂದೇ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿ ನಾಲ್ಕು ದಿನದ ಮೇಲೆ ತಲುಪಿದ ಮಣ್ಣಿನಿಂದ ಬಂದ ಅಂಕಿಗೆ ಬೆಲೆಯಿಲ್ಲ. ದುಡ್ಡು ಕೊಟ್ಟು ಮಾಡಿಸಬೇಕೆನ್ನುವವರು ಇದನ್ನು ಮೊದಲು ವಿಚಾರಿಸಿಕೊಳ್ಳಿ.

ಬೇರು ಅಮೈನೊ ಆಮ್ಲವನ್ನು ನೇರವಾಗಿ ಹೀರುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೀರುತ್ತದೆ. 1998ರಲ್ಲಿ ಸ್ವೀಡನ್ನಿನ ತಣ್ಣಗಿನ ಕಾಡಿನಲ್ಲಿ ಗುರುತು ಹಾಕಿದ ಗ್ಲೈಸೀನನ್ನು ನೆಲಕ್ಕೆ ಕೊಟ್ಟು, ಗಿಡಗಳು ಅದನ್ನು ಇಡಿಯಾಗಿ ಹೀರಿದವೆಂದು ತೋರಿಸಿದ್ದಾರೆ. ಆದರೆ ಅದು ಚಳಿಯ ನಾಡು, ಅಲ್ಲಿ ನೈಟ್ರೇಟ್ ಹುಟ್ಟುವುದೇ ಕಷ್ಟ. ಬೆಚ್ಚಗಿನ ನಮ್ಮ ಹೊಲದಲ್ಲಿ ಸೂಕ್ಷ್ಮಜೀವಿಗಳು ಬೇರಿಗಿಂತ ಮುಂದಾಗುತ್ತವೆ.

ಇಷ್ಟಾದ ಮೇಲೆ ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ ಆರು ಅಂಗುಲ ಮಣ್ಣು ಸುಮಾರು ಒಂಬತ್ತು ಲಕ್ಷ ಕಿಲೋ ತೂಗುತ್ತದೆ. ನೂರು ಕಿಲೋ ಮಣ್ಣಿಗೆ ಐವತ್ತು ಗ್ರಾಂ ಸಾರಜನಕ ಇದೆಯೆಂದು ಇಟ್ಟುಕೊಂಡರೆ ಎಕರೆಗೆ 450 ಕಿಲೋ ಆಯಿತು. ಅದರಲ್ಲಿ ಮೂರನೆಯ ಒಂದು ಪಾಲು, ಅಂದರೆ 150 ಕಿಲೋ, ಅಮೈನೊ ಆಮ್ಲದ ಸಾರಜನಕ. ಬಿಡಿಯಾಗಿ ಓಡಾಡುವುದು ಹೆಚ್ಚೆಂದರೆ ಎರಡು ಕಿಲೋ ಒಳಗೆ. ಒಟ್ಟು 450 ಕಿಲೋದಲ್ಲಿ ವರ್ಷಕ್ಕೆ ಬಿಚ್ಚಿಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಪಾಲು. ಎರಡು ಎಂದುಕೊಂಡರೆ ಒಂಬತ್ತು ಕಿಲೋ. ಮಳೆಯಾಶ್ರಿತ ರಾಗಿಗೆ ಎಕರೆಗೆ ಇಪ್ಪತ್ತು ಕಿಲೋ ಸಾರಜನಕ ಕೊಡಬೇಕೆಂದು ನಮ್ಮ ಶಿಫಾರಸು.

ಇದರ ಪಕ್ಕಕ್ಕೆ ಬಾಟಲಿಯನ್ನು ಇಡಿ. ಅರ್ಧ ಲೀಟರಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅಮೈನೊ ಆಮ್ಲ ಇದೆಯೆಂದರೆ ನೂರು ಗ್ರಾಂ ಆಯಿತು. ಅದರಲ್ಲಿರುವ ಸಾರಜನಕ ಹದಿನೈದು ಗ್ರಾಮಿನ ಸುಮಾರು. ಮುಷ್ಟಿಯಲ್ಲಿ ಹಿಡಿಯುವಷ್ಟು ಯೂರಿಯಾದಲ್ಲಿ ಅಷ್ಟು ಇರುತ್ತದೆ! ಬರದಿಂದಲೋ ಚಳಿಯಿಂದಲೋ ಸೊರಗಿದ ಪೈರಿನ ಎಲೆಗೆ ಸಿಂಪಡಿಸಿದರೆ ಚೇತರಿಕೆಗೆ ಸ್ವಲ್ಪ ನೆರವಾಗಬಹುದು. ಹಣ್ಣು ತರಕಾರಿ ಬೆಳೆಯುವವರು ಒಂದೆರಡು ಸಾಲಿಗೆ ಹೊಡೆದು, ಹೊಡೆಯದ ಸಾಲಿನೊಡನೆ ತೂಗಿ ನೋಡಲಿ. ಮಣ್ಣಿನ ಕೊರತೆ ತುಂಬುತ್ತದೆ ಎಂಬ ನಂಬಿಕೆಯಿಂದ ಮಾತ್ರ ಯಾರೂ ಕೊಳ್ಳಬಾರದು. 2021ರಿಂದ ಇಂಥ ಚೇತೋಹಾರಿ ದ್ರವಗಳು ರಸಗೊಬ್ಬರ ನಿಯಂತ್ರಣ ಆಜ್ಞೆಯ ಕೆಳಗೆ ಬಂದಿವೆ. ಬಾಟಲಿಯ ಮೇಲಿನ ಬರಹವನ್ನು ಓದಿ, ರಸೀತಿ ಕೇಳಿ ಪಡೆಯಿರಿ.

ಜೀವಾಮೃತ ಮಾಡುವವರೂ ಇದೇ ಲೆಕ್ಕವನ್ನು ಕೇಳುತ್ತಾರೆ. ಎಕರೆಗೆ ಹಾಕುವ ಎರಡು ಕಿಲೋ ಹುರುಳಿ ಹಿಟ್ಟಿನಲ್ಲಿ ಸಸಾರಜನಕ ಸುಮಾರು 440 ಗ್ರಾಂ, ಸಾರಜನಕ 70 ಗ್ರಾಂ. ಅದು ಕೂಲಿಯಾಳಿಗೆ ಕೊಡುವ ಬುತ್ತಿಯಾಯಿತೇ ಹೊರತು ಪೈರಿಗೆ ಊಟವಾಗಲಿಲ್ಲ. ಹಗೇವಿನಲ್ಲಿ ಕಾಳಿಲ್ಲದಿದ್ದರೆ ಆಳು ತೋಡಿ ತೆಗೆಯುವುದಾದರೂ ಏನನ್ನು?

ಹಗೇವು ತುಂಬಿಸುವ ವಸ್ತು ನಿಮ್ಮ ಕೈಯಲ್ಲೇ ಇದೆ. ಕಡಲೆಕಾಯಿ ಹಿಂಡಿಯಲ್ಲಿ ನೂರಕ್ಕೆ ಏಳು ಪಾಲು ಸಾರಜನಕ, ಹರಳು ಹಿಂಡಿ ಹೊಂಗೆ ಹಿಂಡಿಗಳಲ್ಲಿ ನಾಲ್ಕರ ಸುಮಾರು. ಹಿಂಡಿಯ ಸಾರಜನಕವೆಂದರೆ ಬಹುಮಟ್ಟಿಗೆ ಸಸಾರಜನಕವೇ, ಕೆಲವು ವಾರಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ಪಾಲು ಮಾತ್ರ, ಆದರೆ ಗಾಡಿಗಟ್ಟಲೆ ಹಾಕುತ್ತೀರಾದ್ದರಿಂದ ಹಗೇವಿಗೆ ಬೀಳುವುದು ಅದೇ ಹೆಚ್ಚು. ಸೆಣಬು, ಡಯಾಂಚ ಬಿತ್ತಿದವರು ಹೂ ಬಿಡುವ ಹೊತ್ತಿಗೆ ಉತ್ತು ಮಗುಚಬೇಕು. ತಡ ಮಾಡಿದರೆ ಕಾಂಡ ಬಲಿತು ನಾರಾಗುತ್ತದೆ, ಸಾರಜನಕ ಬೀಜಕ್ಕೆ ಏರುತ್ತದೆ. ಬರೀ ಒಣ ಹುಲ್ಲನ್ನು ಉತ್ತು ಒಡನೆಯೇ ಬಿತ್ತಬೇಡಿ. ಹುಲ್ಲಿನಲ್ಲಿ ಇಂಗಾಲ ಬಹಳ, ಸಾರಜನಕ ಸ್ವಲ್ಪ. ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಮಣ್ಣಿನಲ್ಲಿದ್ದ ಸಾರಜನಕವನ್ನೂ ಎಳೆದುಕೊಂಡು ಎಳೆಯ ಪೈರು ಹಳದಿಯಾಗುತ್ತದೆ.

ಚೀಟಿಯಲ್ಲಿರುವ "ಲಭ್ಯ ಸಾರಜನಕ" ಎಂಬ ಸಾಲಿಗೂ ಅಮೈನೊ ಆಮ್ಲಕ್ಕೂ ನಂಟಿದೆ ಎಂಬುದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. 1956ರಲ್ಲಿ ಬಿ.ವಿ. ಸುಬ್ಬಯ್ಯ ಮತ್ತು ಜಿ.ಎಲ್. ಅಸೀಜಾ ಎಂಬವರು ಬೆಂಗಳೂರಿನಿಂದ ಹೊರಡುವ "ಕರೆಂಟ್ ಸೈನ್ಸ್" ಪತ್ರಿಕೆಯಲ್ಲಿ ಪ್ರಕಟಿಸಿದ ಕ್ರಮವದು. ಕ್ಷಾರದೊಡನೆ ಪರ್ಮಾಂಗನೇಟ್ ಹಾಕಿ ಮಣ್ಣನ್ನು ಕುದಿಸಿ, ಹೊರಟ ಅಮೋನಿಯವನ್ನು ಅಳೆಯುತ್ತಾರೆ. ಸುಲಭವಾಗಿ ಮುರಿಯುವ ಅಮೈನೊ ಆಮ್ಲಗಳಿಂದಲೂ ಆಗ ಅಮೋನಿಯ ಬರುತ್ತದೆ. ಹೆಸರು ಹಾಕದಿದ್ದರೂ ಅವುಗಳ ಒಂದು ಪಾಲು ಆ ಅಂಕಿಯೊಳಗೇ ಸೇರಿದೆ. ಹೆಕ್ಟೇರಿಗೆ 280 ಕಿಲೋಗಿಂತ ಕೆಳಗಿದ್ದರೆ ಕಡಿಮೆ, 560ರ ತನಕ ಮಧ್ಯಮ, ಅದರ ಮೇಲೆ ಹೆಚ್ಚು. ಸಾವಯವ ಇಂಗಾಲ ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಹಗೇವು ಬರಿದಾಗುತ್ತಿದೆ, ಮುಕ್ಕಾಲಿಗಿಂತ ಮೇಲಿದ್ದರೆ ತುಂಬಿದೆ.

ಈ ಸಾಮಾನ್ಯ ಪರೀಕ್ಷೆಗೆ ಮಣ್ಣು ತೆಗೆಯುವ ಕ್ರಮ ಸರಿಯಾಗಿರಲಿ. ಸುಗ್ಗಿ ಮುಗಿದು, ಗೊಬ್ಬರ ಹಾಕುವುದಕ್ಕೆ ಮುಂಚೆ ತೆಗೆಯಿರಿ. ಬದುವಿನ ಪಕ್ಕ, ಮರದ ನೆರಳು, ಗೊಬ್ಬರ ಗುಡ್ಡೆ ಹಾಕಿದ್ದ ಜಾಗ ಬಿಟ್ಟು, ಹೊಲದಲ್ಲಿ ಓರೆಕೋರೆಯಾಗಿ ನಡೆಯುತ್ತಾ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಆರು ಅಂಗುಲ ಆಳಕ್ಕೆ ಇಳಿಜಾರು ಗುಂಡಿ ತೋಡಿ. ಗುಂಡಿಯ ಒಂದು ಮಗ್ಗುಲಿನಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾದ ಪದರ ಕೆತ್ತಿ ತೆಗೆಯಿರಿ. ಎಲ್ಲವನ್ನೂ ಬಟ್ಟೆಯ ಮೇಲೆ ಸುರಿದು ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಮಿಕ್ಕದ್ದನ್ನು ಚೆಲ್ಲಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ. ಯೂರಿಯಾ ತುಂಬಿದ್ದ ಚೀಲದಲ್ಲಿ ಮಾತ್ರ ಹಾಕಬೇಡಿ, ಹೊಸ ಬಟ್ಟೆಯ ಚೀಲವೇ ಆಗಲಿ. ಸರ್ವೆ ನಂಬರು, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ, ನೀರಾವರಿಯೋ ಖುಷ್ಕಿಯೋ ಎಂಬುದನ್ನು ಸೀಸದ ಕಡ್ಡಿಯಲ್ಲಿ ಬರೆದು ಒಂದು ಚೀಟಿ ಚೀಲದ ಒಳಗೆ ಹಾಕಿ, ಇನ್ನೊಂದನ್ನು ಹೊರಗೆ ಕಟ್ಟಿ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ.